ಸತ್ಪಾತ್ರ ಯಾರು?

ದಾನವು ಸಾತ್ತ್ವಿಕವೆನಿಸಬೇಕಾದರೆ ದೇಶ, ಕಾಲ, ಪಾತ್ರಗಳನ್ನು ಅರಿತು, ಪ್ರತ್ಯುಪಕಾರದ ಆಸೆಯಿಲ್ಲದೆ, ಕೊಡುವುದು ಕರ್ತವ್ಯವೆಂಬ ಭಾವದಿಂದ ಕೊಡಬೇಕೆಂಬುದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದ ಅಭಿಪ್ರಾಯ. ದೇಶವೆಂದರೆ ಕುರುಕ್ಷೇತ್ರದಂತಹ ಪುಣ್ಯಭೂಮಿ, ಕಾಲವೆಂದರೆ ಸಂಕ್ರಮಣವೇ ಮೊದಲಾದ ಪರ್ವ, ಪಾತ್ರನೆಂದರೆ ವೇದವೇದಾಂಗಗಳನ್ನು ಬಲ್ಲವನು ಎಂದು ಶಂಕರರು ವಿವರಿಸಿದರು. ಅಂದಿನ ಸಮಾಜಕ್ಕೆ ಅದು ಸರಿಹೊಂದಿದ್ದಿರಬಹುದು. ಆದರೆ ಇನ್ನೂ ಅಕ್ಷರವನ್ನೇ ಕಾಣದ ಮಗುವೊಂದು ಮಹಾನಗರದ ಕೊಳೆಗೇರಿಯ ಬಾಗಿಲಲ್ಲಿ ನಿಂತಿರುವಾಗ, ಅದು ಪಾತ್ರವೋ ಅಪಾತ್ರವೋ ಎಂಬ ಪ್ರಶ್ನೆಗೆ ಹಳೆಯ ವಿವರಣೆಯಲ್ಲಿ ನೇರವಾದ ಉತ್ತರ ದೊರೆಯದು.

2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನಸಂಖ್ಯೆಯಲ್ಲಿ ಶೇ. 41ರಷ್ಟು ಮಂದಿ ಕೊಳೆಗೇರಿಗಳ ವಾಸಿಗಳು. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕನ್ನಡಿಗರೂ ಇದ್ದಾರೆ. ಇಂತಹ ಮನೆಗಳ ಮಕ್ಕಳಿಗೆ ನೆರವಾಗುವ ಧರ್ಮಸಂಸ್ಥೆಗಳು, ಪ್ರತಿಷ್ಠಾನಗಳು ನಗರದಲ್ಲಿ ಅನೇಕ. ನೆರವು ನೀಡುವ ಮೊದಲು ಅವು ವಿಚಾರಣೆ ಮಾಡುತ್ತವೆ: ತಂದೆಯ ವರಮಾನವೆಷ್ಟು, ಅಂಕಗಳೆಷ್ಟು, ಕೊಟ್ಟ ಹಣ ಪೋಲಾಗದೆಂಬುದಕ್ಕೆ ಭರವಸೆಯೇನು? ಪರರ ಹಣವನ್ನು ನಂಬಿಕೆಯಿಂದ ಇಟ್ಟುಕೊಂಡವರು ಇಷ್ಟನ್ನಾದರೂ ಕೇಳದಿದ್ದರೆ ಅದು ಧರ್ಮವಾಗದು. ಆಕ್ಷೇಪವಿರುವುದು ಕೇಳುವುದಕ್ಕಲ್ಲ; ಪ್ರಶ್ನೆಗಳೆಲ್ಲ ಬೇಡುವವನ ಕಡೆಗೇ ತಿರುಗಿರುವುದಕ್ಕೆ. ಕೊಡುವವನ ಪಾತ್ರತೆಯನ್ನು ಪರೀಕ್ಷಿಸುವ ಅರ್ಜಿಯ ನಮೂನೆ ಯಾವ ಕಚೇರಿಯಲ್ಲಿಯೂ ಇಲ್ಲ.

ಶಾಸ್ತ್ರದಲ್ಲಿ ಮಾತ್ರ ಅದುಂಟು. ಶ್ರದ್ಧೆಯಿಂದ ಕೊಡಬೇಕೆಂದು ಹೇಳುವ ತೈತ್ತಿರೀಯೋಪನಿಷತ್ತು, ಅದರೊಡನೆ ಲಜ್ಜೆಯಿಂದಲೂ ಕೊಡಬೇಕೆನ್ನುತ್ತದೆ. ಎಷ್ಟು ಕೊಟ್ಟರೂ ಸಾಲದಲ್ಲ ಎಂಬ ಲಜ್ಜೆ ಅದು, ಇರಬೇಕಾದದ್ದು ದಾತೃವಿನಲ್ಲಿ. ಸಮಾರಂಭಗಳಲ್ಲಿ ಕಾಣುವುದು ಇದರ ವಿಪರ್ಯಾಸ. ವಿಜಯದಶಮಿಯ ವೇದಿಕೆಯ ಮೇಲೆ ಬಡ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಹೆಸರಿನೊಡನೆ ಅವರ ಬಡತನವನ್ನೂ ಧ್ವನಿವರ್ಧಕದಲ್ಲಿ ಸಾರಿ, ನೋಟುಪುಸ್ತಕದ ಕಟ್ಟನ್ನು ಛಾಯಾಗ್ರಾಹಕನು ಸಿದ್ಧನಾಗುವವರೆಗೂ ಅರ್ಧ ಕೊಟ್ಟು ಅರ್ಧ ಹಿಡಿದಿರುವುದುಂಟು. ಹದಿಮೂರು ವರ್ಷದ ಹುಡುಗಿ ಆ ಕ್ಷಣದಲ್ಲಿ ನೆಲ ನೋಡುತ್ತಾಳೆ. ದಾತೃವಿಗಿರಬೇಕಾದ ಲಜ್ಜೆಯನ್ನು ಆಕೆ ಹೊತ್ತಿರುತ್ತಾಳೆ. ಸತ್ಕಾರವಿಲ್ಲದೆ, ಅವಜ್ಞೆಯಿಂದ ಕೊಟ್ಟದ್ದನ್ನು ಗೀತೆಯು ತಾಮಸವೆಂದು ಕರೆದಿರುವುದು ಸಭಿಕರಲ್ಲಿ ಎಷ್ಟು ಮಂದಿಗೆ ನೆನಪಾಗುತ್ತದೆಯೋ!

ಹಾಗಾದರೆ ಶುದ್ಧಮನಸ್ಸಿನಿಂದ ಕೊಟ್ಟರೆ ಸಾಕೆ? ಸಾಲದು. ಮನಸ್ಸಿನ ಶುದ್ಧಿ ಕೊಟ್ಟವನಿಗೆ ಶ್ರೇಯಸ್ಕರ. ಮಗುವಿಗೆ ಬೇಕಾದದ್ದು ಓದು ಬರುವುದು. ಈ ವಿಷಯದಲ್ಲಿ ಮುಂಬಯಿಯ ಕೊಳೆಗೇರಿಗಳ ಮಕ್ಕಳಿಗಾಗಿ 1995ರಲ್ಲಿ ಆರಂಭವಾದ ‘ಪ್ರಥಮ್’ ಸಂಸ್ಥೆಯ ನಿದರ್ಶನ ಮನನೀಯವಾದದ್ದು. ಬಾಲವಾಡಿಗಳಿಗಾಗಿ ಅದು ಕಟ್ಟಡಗಳನ್ನು ಕಟ್ಟಿಸಲು ಹೊರಡಲಿಲ್ಲ. ಗುಡಿಯ ಮೂಲೆ, ಯಾರದೋ ಮನೆಯ ಕೋಣೆ, ಹೀಗೆ ದೊರೆತ ಸ್ಥಳದಲ್ಲಿ ಆ ಬಸ್ತಿಯ ತರುಣಿಯರಿಂದಲೇ ನಡೆಸಿತು. ಮುಂದೆ ನಗರಪಾಲಿಕೆಯ ಶಾಲೆಗಳಲ್ಲಿ ಮೂರು, ನಾಲ್ಕನೆಯ ತರಗತಿಗೆ ಬಂದರೂ ಓದಲು, ಎಣಿಸಲು ಬಾರದ ಮಕ್ಕಳಿಗಾಗಿ ‘ಬಾಲಸಖಿ’ ಎಂಬ ಏರ್ಪಾಡು ಮಾಡಿತು. ಬಾಲಸಖಿಯೆಂದರೆ ದೊಡ್ಡ ಪದವೀಧರೆಯಲ್ಲ. ಪ್ರೌಢಶಾಲೆಯ ಓದು ಮುಗಿಸಿದ ಅದೇ ಕೇರಿಯ ಹೆಣ್ಣುಮಗಳು. ಅಲ್ಪ ಗೌರವಧನ ಪಡೆದು, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿಕೊಂಡು, ಅವರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಪಾಠ ಹೇಳಿದಳು.

ಇದರ ಫಲವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಹೋದ್ಯೋಗಿಗಳು ಮುಂಬಯಿ, ವಡೋದರಾ ನಗರಗಳ ಶಾಲೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದರು. (ಇವರೀರ್ವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು.) ಮಕ್ಕಳ ಕಲಿಕೆ ಸುಧಾರಿಸಿತ್ತು, ಅತ್ಯಂತ ಹಿಂದುಳಿದವರಿಗೇ ಹೆಚ್ಚು ಪ್ರಯೋಜನವಾಗಿತ್ತು. ದಡ್ಡರೆಂದು ಹಿಂದಿನ ಸಾಲಿಗೆ ತಳ್ಳಲ್ಪಟ್ಟಿದ್ದ ಮಕ್ಕಳು ಅಪಾತ್ರರಾಗಿರಲಿಲ್ಲ; ಅವರಿಗೆ ಅಲ್ಲಿಯವರೆಗೆ ಬಡಿಸಿದ ಪಾಠವೇ ಅವರಿಗೆ ತಕ್ಕುದಾಗಿರಲಿಲ್ಲ. ಪಾತ್ರಪರೀಕ್ಷೆಯನ್ನು ಮಗುವಿನಿಂದ ನೆರವಿನ ಕಡೆಗೆ ತಿರುಗಿಸಿದ್ದು ಈ ಕೆಲಸದ ನಿಜವಾದ ಹಿರಿಮೆ.

ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಅರ್ಧ ಮೈ ಚಿನ್ನವಾದ ಮುಂಗುಸಿಯ ಕಥೆ ಬರುತ್ತದೆ. ಧರ್ಮರಾಯನ ಯಜ್ಞಭೂಮಿಯಲ್ಲಿ ಹೊರಳಿದರೂ ಅದರ ಉಳಿದರ್ಧ ಹೊನ್ನಾಗಲಿಲ್ಲ. ಹೊಲದಲ್ಲಿ ಉದುರಿದ ಕಾಳು ಆಯ್ದು ಬದುಕುತ್ತಿದ್ದ ಬಡ ಸಂಸಾರವೊಂದು ಅತಿಥಿಗಿತ್ತ ಹಿಡಿ ಹಿಟ್ಟಿನ ಮುಂದೆ ರಾಜಸಂಪತ್ತು ಮಸುಕಾಯಿತು. ಈ ಕಥೆಯನ್ನು ತ್ಯಾಗದ ಮಹಿಮೆಯೆಂದು ಹೇಳಿ ಮುಗಿಸುವುದು ವಾಡಿಕೆ. ಬಡವನೂ ದಾತೃವಾಗಬಲ್ಲನೆಂಬ ಇನ್ನೊಂದು ಅರ್ಥವೂ ಅದರಲ್ಲಿ ಅಡಗಿದೆ. ಬಾಲಸಖಿಯೂ ಕೇರಿಯ ಬಡಮಗಳೇ, ಆಕೆ ವಿದ್ಯಾದಾನಿ. ಶರಣರ ದಾಸೋಹವೂ ಕೊಡುವವನನ್ನೇ ದಾಸನನ್ನಾಗಿ ಮಾಡಿತು. ಅಲ್ಲಿ ಉಣ್ಣುವವನು ಕೀಳಲ್ಲ. ಕೇವಲ ಕೈಯೊಡ್ಡಲು ಕಲಿಸುವ ಪ್ರತಿಷ್ಠಾನಕ್ಕೂ, ಕೇರಿಯ ತರುಣಿಯನ್ನು ಆ ಕೇರಿಗೇ ಗುರುವಾಗಿಸುವ ಪ್ರತಿಷ್ಠಾನಕ್ಕೂ ಇರುವ ಅಂತರ ಹಣದ್ದಲ್ಲ.

ಅದೇ ಅಧ್ಯಯನದಲ್ಲಿ ಮನಸ್ಸಿಗೆ ಕಸಿವಿಸಿಯಾಗುವ ಮಾತೊಂದೂ ಇದೆ. ನೆರವು ನಿಂತ ಒಂದು ವರ್ಷದ ಮೇಲೆ ನೋಡಿದಾಗ ಮಕ್ಕಳು ಗಳಿಸಿದ್ದರಲ್ಲಿ ಬಹುಪಾಲು ಕರಗಿಹೋಗಿತ್ತು. ವಿದ್ಯೆ ನಿತ್ಯಾನುಷ್ಠಾನ, ದಾನವಾದರೋ ಬಹುಮಟ್ಟಿಗೆ ನೈಮಿತ್ತಿಕ. 2013ರ ಕಂಪನಿ ಕಾಯಿದೆಯು, ನಿಗದಿತ ಮಟ್ಟಕ್ಕೇರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ವಿಧಿಸಿತು. 2014ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಕಾನೂನಿನ ಭಯಕ್ಕೆ ಕೊಟ್ಟದ್ದು ದಾನವೇ ಎಂದು ಮೂಗು ಮುರಿಯುವವರಿದ್ದಾರೆ. ಭಯದಿಂದಲಾದರೂ ಕೊಡಬೇಕೆಂದು ಆ ಉಪನಿಷತ್ತೇ ಹೇಳಿರುವಾಗ ಈ ಜಗಳ ವ್ಯರ್ಥ. ಗಂಭೀರವಾದ ಪ್ರಶ್ನೆ ಬೇರೆ: ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕೈ, ಹತ್ತು ವರ್ಷ ನಡೆಯಬೇಕಾದ ಮಗುವಿನ ಓದನ್ನು ಎಲ್ಲಿಯವರೆಗೆ ಹಿಡಿದಿರಬಲ್ಲದು?

ದೀರ್ಘಕಾಲ ಹಿಡಿದಿರುವುದು ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಾದ ಧರ್ಮವಲ್ಲ. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರು ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ತಲೆಯೆತ್ತಿದರು. ಹಗಲು ಕಚೇರಿಯಲ್ಲಿ ದುಡಿದು ಸಂಜೆ ಪಾಠ ಹೇಳಲು ಬರುತ್ತಿದ್ದವರು ಆ ಹುಡುಗರನ್ನು ಯಾವ ವೇದಿಕೆಯ ಮೇಲೂ ನಿಲ್ಲಿಸಲಿಲ್ಲ. ಮರುದಿನ ಮತ್ತೆ ಬಂದರು, ಅಷ್ಟೇ. ಈಗ ಸಂಘಗಳಿಗೆ ಸ್ವಂತ ಸಭಾಗೃಹಗಳಿವೆ. ದಿನದ ಬಹುಭಾಗ ಅವುಗಳಿಗೆ ಬೀಗ. ಮುಂಬಯಿಯ ‘ಆಕಾಂಕ್ಷಾ’ ಪ್ರತಿಷ್ಠಾನವು 1991ರಲ್ಲಿ ಕೆಲಸ ಆರಂಭಿಸಿದ್ದು ಶಾಲೆಯೊಂದರ ಖಾಲಿ ಕೊಠಡಿಯಲ್ಲಿ, ಹದಿನೈದು ಮಕ್ಕಳೊಂದಿಗೆ. ಸ್ಥಳವೇ ಚಿನ್ನವಾಗಿರುವ ನಗರದಲ್ಲಿ ಗದ್ದಲವಿಲ್ಲದ ಒಂದು ಕೊಠಡಿ, ಒಂದು ದೀಪ, ಕುಳಿತು ಓದಲು ಒಂದು ಚಾಪೆ ಇವು ನೋಟುಪುಸ್ತಕದ ಕಟ್ಟಿಗಿಂತ ಬೆಲೆಯುಳ್ಳವು. ಪ್ರತಿದಿನ ಸಂಜೆ ಆ ಬೀಗ ತೆಗೆಯುವವರು ಯಾರು, ಒಂಬತ್ತು ಗಂಟೆಗೆ ದೀಪ ಆರಿಸಿ ಮಕ್ಕಳನ್ನು ಕೇರಿಯವರೆಗೆ ಬಿಟ್ಟುಬರುವವರು ಯಾರು ಎಂಬುದನ್ನು ಸಂಘದ ಕಾರ್ಯಕಾರಿ ಸಮಿತಿಗಳು ನಿಶ್ಚಯಿಸಬೇಕಾಗಿದೆ.