ಯಾವ ಜಾವಾ?

ಹಳೆಯ ಬೈಕೊಂದನ್ನು ಸರಿಪಡಿಸಲು ಕೂತವನಿಗೆ ಸ್ಪ್ಯಾನರ್ ಹಿಡಿಯುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ. ಇದನ್ನು ಯಾವ ದಿನಕ್ಕೆ ಮರಳಿಸಬೇಕು? ಕಾರ್ಖಾನೆಯಿಂದ ಹೊರಬಂದ ದಿನಕ್ಕೋ, ಹಿಂದಿನ ಯಜಮಾನ ಕೊನೆಯ ಸಲ ಓಡಿಸಿದ ದಿನಕ್ಕೋ, ನಮ್ಮ ನೆನಪಿನಲ್ಲಿರುವ ಯಾವುದೋ ದಿನಕ್ಕೋ?

ನಾನು ಈಚೆಗೆ ಕೊಂಡದ್ದು 1950ರ ದಶಕದ 250 ಸಿಸಿ ಜಾವಾ. ನಾನಿರುವುದು ಜರ್ಮನಿಯ ಸ್ಯಾಕ್ಸನಿಯಲ್ಲಿ, ಚೆಕ್ ಗಡಿಗೆ ಹತ್ತಿರ. ಹಾಗಾಗಿ ಅದು ಇಲ್ಲಿ ಸಿಕ್ಕಿದ್ದರಲ್ಲಿ ವಿಶೇಷವೇನಿಲ್ಲ. 1929ರಲ್ಲಿ ಯಾನೆಚೆಕ್ ಎಂಬ ಚೆಕ್ ಉದ್ಯಮಿ ಇಲ್ಲಿನ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡ. ಎರಡು ಹೆಸರುಗಳ ಮೊದಲ ತುಣುಕುಗಳನ್ನು ಜೋಡಿಸಿ ಬೈಕಿಗೆ ಹೆಸರಿಟ್ಟ. ಚೆಕ್ಕರ ಬಾಯಲ್ಲಿ ಅದು ‘ಯಾವಾ’. ಜಾವಾ ಎಂದವರು ನಾವು. 1961ರಿಂದ ಅದು ಮೈಸೂರಿನಲ್ಲೂ ತಯಾರಾಯಿತು, ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು.

ನಮ್ಮ ಸೋದರಮಾವನ ಹತ್ತಿರ ಇದ್ದದ್ದು ಕಡುಗೆಂಪು ಜಾವಾ. ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದನ್ನು ತಿರುಗಿಸಿ ಮಾವ ಒದ್ದರೆ ಬೀದಿಯ ಮಕ್ಕಳೆಲ್ಲ ಓಡಿಬರುತ್ತಿದ್ದೆವು. ಆ ಕೆಂಪಿಗಾಗಿಯೇ ನಾನು ಇದನ್ನು ಕೊಂಡದ್ದು.

ಆದರೆ ನನ್ನ ಬೈಕಿನ ಟ್ಯಾಂಕು ಹಸಿರು. ಯಾರೋ ಬ್ರಷ್ಷಿನಲ್ಲಿ ಬಳಿದ ಮಂದ ಹಸಿರು. ಮಾರಿದ ಅಜ್ಜಿಯನ್ನು ಕೇಳಿದೆ. ಪೂರ್ವ ಜರ್ಮನಿಯ ಕಾಲದಲ್ಲಿ ಬೇಕಾದ ಬಣ್ಣ ಬೇಕೆಂದಾಗ ಸಿಗುತ್ತಿರಲಿಲ್ಲವಂತೆ. ತೋಟದ ಬೇಲಿಗೆ ಬಳಿದು ಮಿಕ್ಕಿದ್ದನ್ನು ಗಂಡ ತುಕ್ಕು ಹಿಡಿಯುತ್ತಿದ್ದ ಟ್ಯಾಂಕಿಗೆ ಬಳಿದನಂತೆ. ಇಪ್ಪತ್ತು ವರ್ಷ ಅದೇ ಬೈಕಿನಲ್ಲಿ ಕೆಲಸಕ್ಕೆ ಹೋದನಂತೆ. ಅವನ ಮೊಣಕಾಲು ತಾಗುತ್ತಿದ್ದ ಜಾಗದಲ್ಲಿ ಹಸಿರು ಸವೆದು ಅಡಿಯ ಕೆಂಪು ಇಣುಕುತ್ತದೆ.

ಬ್ರೇಕ್ ಶೂ, ಕೇಬಲ್ಲು, ಟೈರು ಬದಲಿಸಲು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ರಸ್ತೆಯಲ್ಲಿ ಬೇರೆಯವರೂ ಇರುತ್ತಾರೆ. ನನ್ನ ಇತಿಹಾಸಪ್ರೇಮಕ್ಕೆ ಅವರ ಮೂಳೆ ಮುರಿಯಬೇಕಿಲ್ಲ. ಬಣ್ಣದ ವಿಷಯ ಹಾಗಲ್ಲ. ಮೂವತ್ತು ವರ್ಷ ದಾಟಿದ, ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲಿರುವ ವಾಹನಕ್ಕೆ ಇಲ್ಲಿ ನಂಬರಿನ ಕೊನೆಗೆ ‘ಎಚ್’ ಅಕ್ಷರ ಕೊಡುತ್ತಾರೆ, ಐತಿಹಾಸಿಕ ಎಂಬ ಅರ್ಥದಲ್ಲಿ. ಆ ‘ಮೂಲ’ ಎಂಬ ಮಾತೇ ನನ್ನನ್ನು ಕಾಡಿದ್ದು. ಕೆಂಪು ಬಳಿದರೆ ಕಾರ್ಖಾನೆಯೂ ಒಪ್ಪುತ್ತದೆ, ನನ್ನ ಬಾಲ್ಯವೂ ಒಪ್ಪುತ್ತದೆ. ಒಪ್ಪದವನು ಒಬ್ಬನೇ, ಅದನ್ನು ನಿಜವಾಗಿ ಬಾಳಿಸಿದವನು. ಅವನು ಈಗ ಮಾತಾಡಲಾರ.

ದುಡ್ಡು ಕೊಟ್ಟವನು ನಾನು, ಕಾನೂನಿನ ಪ್ರಕಾರ ಟ್ಯಾಂಕು ನನ್ನದೇ. ಆದರೆ ಅದರ ಮೇಲಿನ ಇಪ್ಪತ್ತು ವರ್ಷವನ್ನು ನಾನು ಕೊಂಡೆನೇ? ಊರು ಬಿಟ್ಟು ಬಂದ ನಮಗೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ಊರನ್ನು ಬಳಿಯುವ ಚಟ. ರಜೆಯಲ್ಲಿ ಹೋದಾಗಲೂ ಅಷ್ಟೆ, ನಾವಿಲ್ಲದಾಗ ಅಲ್ಲಿನವರು ಬಾಳಿದ ವರ್ಷಗಳನ್ನು ಕೆರೆದು ನಮ್ಮ ಬೀದಿಯನ್ನು ಹುಡುಕುತ್ತೇವೆ. ಮಾವ ಇದ್ದಿದ್ದರೆ ನಗುತ್ತಿದ್ದ. ಅವನೇ ತನ್ನ ಜಾವಾಕ್ಕೆ ಯಾವುದೋ ಸ್ಕೂಟರಿನ ಹಾರನ್ ಕಟ್ಟಿದ್ದವನು.

ಕೆಂಪು ಬಣ್ಣದ ಡಬ್ಬಿ ಶೆಡ್ಡಿನಲ್ಲಿದೆ, ಮುಚ್ಚಳ ತೆಗೆದಿಲ್ಲ. ಭಾನುವಾರ ಪೆಟ್ರೋಲಿಗೆ ಆಯಿಲ್ ಬೆರೆಸಿ ಅಜ್ಜಿಯ ಮನೆಯ ತನಕ ಓಡಿಸಿಕೊಂಡು ಹೋಗಿದ್ದೆ. ಅವರು ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಕೂಗಿ ಹೇಳಿದರು, ಕ್ಲಚ್ಚು ಇನ್ನೂ ಸ್ವಲ್ಪ ಬಿಗಿ ಇದೆ ಎಂದು.