ಕೈಗೆ ನಿಷೇಧ, ಕಣ್ಣಿಗೆ?

ವಿಷಯವಾಕ್ಯ ಚಿಕ್ಕದು: ವಾಹನ ನಡೆಸುವವನು ಕೈಯಲ್ಲಿ ಫೋನ್ ಹಿಡಿಯಕೂಡದು. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿ ಅದರಡಿ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಹೆಸರು ಹೇಳಿ ಸೇರಿಸಿತು. ಇನ್ನು ಸಂಶಯ. ಇಲ್ಲಿ ನಿಷೇಧವಾದದ್ದು ಯಾವುದು, ಕೈಯೋ, ಕಣ್ಣೋ, ಮನಸ್ಸೋ? ನಿಷೇಧ ತಟ್ಟುವುದು ಮೆಸೇಜು ಓದುವವನಿಗೆ ಮಾತ್ರವೋ, ಕಳಿಸುವವನಿಗೂ ಉಂಟೋ?

ಹೈದರಾಬಾದಿನ ಟ್ರಾಫಿಕ್ಕಿಗೆ ವಿಷಯವಾಕ್ಯ, ಸಂಶಯ ಎಂಬ ಮೀಮಾಂಸೆಯ ಪರಿಭಾಷೆ ಯಾಕೆ ಎಂದರೆ, ಮಿತಾಕ್ಷರ ಬರೆದ ವಿಜ್ಞಾನೇಶ್ವರ ಕಲ್ಯಾಣದವನು. ಆ ಊರು 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಗ್ರಂಥದಲ್ಲಿ ಅಣ್ಣತಮ್ಮಂದಿರ ಆಸ್ತಿಜಗಳವನ್ನು ಬಿಡಿಸಿದ ಈ ಹತಾರ ಕಾಚಿಗುಡ ಚೌಕದಲ್ಲೂ ಕೆಲಸಕ್ಕೆ ಬಂದೀತು.

ಮೊದಲ ಪೂರ್ವಪಕ್ಷ, ಎಂದರೆ ಎದುರುವಾದ, ಲೆಕ್ಕದ್ದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972. ಅವರಲ್ಲಿ ಫೋನಿನ ಖಾತೆಗೆ ಬಿದ್ದವರು 1,040. ನೂರಕ್ಕೆ ಒಬ್ಬರೂ ಇಲ್ಲ. ಅತಿವೇಗಕ್ಕೇ ಸಿಂಹಪಾಲು ಹೋಗುತ್ತಿರುವಾಗ ಈ ಚಿಲ್ಲರೆಗೆ ಇಷ್ಟು ಗದ್ದಲ ಏಕೆ?

ಉತ್ತರ: ಆ 1,040 ಎಂಬುದು ಠಾಣೆಯ ನಮೂನೆ ಹೇಳುವ ಲೆಕ್ಕ. ಕುಡಿದವನ ಬಾಯಿಗೆ ಹಿಡಿಯಲು ಊದುವ ಯಂತ್ರವಿದೆ. ಫೋನ್ ನೋಡುತ್ತಿದ್ದವನಿಗೆ ಅಂಥದ್ದಿಲ್ಲ. ಡಿಕ್ಕಿಯಾದ ಹೊತ್ತಿಗೆ ಫೋನ್ ಎಲ್ಲೋ ಸಿಡಿದು ಬಿದ್ದಿರುತ್ತದೆ, ಬದುಕಿದವನು ಒಪ್ಪಿಕೊಳ್ಳುವುದಿಲ್ಲ, ಸತ್ತವನನ್ನು ಕೇಳುವಂತಿಲ್ಲ. ಕಾಲಂ ಖಾಲಿ ಬಿಡುವಂತಿಲ್ಲ, 'ಅತಿವೇಗ' ಎಂದು ಬರೆಯುವುದು ಸುಲಭ. ಅಲ್ಲದೆ ವೇಗವೂ ಫೋನೂ ಬೇರೆ ಬೇರೆ ಮನೆಯವಲ್ಲ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರು. 'ಎಲ್ಲಿದ್ದೀಯ' ಎಂಬುದನ್ನು ಓದಿ ತಲೆ ಎತ್ತುವಷ್ಟರಲ್ಲಿ ಮೂರು ಸೆಕೆಂಡು ಹೋದರೆ, 33 ಮೀಟರು ಕಣ್ಣು ಕಟ್ಟಿಕೊಂಡು ಓಡಿದ ಹಾಗೆ. ಮೆಹದಿಪಟ್ಟಣದ ಬಸ್ ನಿಲ್ದಾಣದ ಎದುರು ಸಂಜೆ ಏಳಕ್ಕೆ 33 ಮೀಟರಿನಲ್ಲಿ ಎಷ್ಟು ಜನ ರಸ್ತೆ ದಾಟುತ್ತಾರೆಂದು ನಿಂತು ಎಣಿಸಿದವರು 40 ಕಿ.ಮೀ.ಯನ್ನು ನಿಧಾನ ಎನ್ನಲಾರರು.

ಪಕ್ಕದವರೊಡನೆ ಮಾತಾಡುವುದೂ ಗಮನ ಕೆಡಿಸುವುದಿಲ್ಲವೇ ಎಂಬುದು ಎರಡನೆಯದು. ಪಕ್ಕದವನಿಗೆ ರಸ್ತೆ ಕಾಣುತ್ತದೆ. ಎದುರು ಲಾರಿ ಬಂದರೆ ಅವನೇ ಬಾಯಿ ಮುಚ್ಚುತ್ತಾನೆ. ವಾಟ್ಸಾಪಿಗೆ ಲಾರಿ ಕಾಣುವುದಿಲ್ಲ.

ಮೂರನೆಯದು ಗಟ್ಟಿ ಆಕ್ಷೇಪ. ಕೇಂದ್ರ ನಿಯಮಗಳ ತಿದ್ದುಪಡಿ 1 ಅಕ್ಟೋಬರ್ 2020ರಿಂದ ಒಂದು ಬಾಗಿಲು ತೆರೆದಿಟ್ಟಿತು: ದಾರಿ ತಿಳಿಯುವುದಕ್ಕಷ್ಟೇ, ಚಾಲಕನ ಏಕಾಗ್ರತೆ ಕೆಡದಂತೆ, ಕೈಯ ಸಾಧನವನ್ನು ಬಳಸಬಹುದು. ಮೀಮಾಂಸಕರು ಇದನ್ನು ಪರ್ಯುದಾಸ ಎನ್ನುತ್ತಾರೆ, ನಿಷೇಧದ ಬಾಯಿಂದ ಒಂದು ತುತ್ತನ್ನು ಹೊರಗಿಡುವುದು. ಚೌಕದಲ್ಲಿ ಫೋಟೊ ಹೊಡೆಯುವ ಕಾನ್‌ಸ್ಟೇಬಲ್‌ಗೆ ಪರದೆಯ ಮೇಲಿದ್ದದ್ದು ಮ್ಯಾಪೋ ಮೆಸೇಜೋ ಹೇಗೆ ಗೊತ್ತಾಗಬೇಕು? 2018ರಲ್ಲಿ ಕೇರಳ ಹೈಕೋರ್ಟು, ಚಾಲನೆಯಲ್ಲಿ ಫೋನಿನಲ್ಲಿ ಮಾತಾಡಿದ ಮಾತ್ರಕ್ಕೆ ಅಲ್ಲಿನ ಪೊಲೀಸ್ ಕಾಯ್ದೆಯ ಅಪರಾಧವಾಗದು, ಸಾರ್ವಜನಿಕರಿಗೆ ಅಪಾಯವಾದದ್ದು ತೋರಬೇಕು ಎಂದಿತ್ತು. ಬ್ರಿಟನ್ನಿನಲ್ಲೂ ಇದೇ ಸಿಕ್ಕು. ಕಾರು ನಡೆಸುತ್ತ ಅಪಘಾತವೊಂದರ ವಿಡಿಯೊ ತೆಗೆದವನನ್ನು 2019ರಲ್ಲಿ ಕೋರ್ಟು ಬಿಟ್ಟಿತು: ಚಿತ್ರೀಕರಣ ಸಂಪರ್ಕವಲ್ಲವಂತೆ. ಮಾರ್ಚ್ 2022ರಲ್ಲಿ ಅವರು ಕಾನೂನು ಬದಲಿಸಿ, ಏನು ಮಾಡುತ್ತಿದ್ದ ಎಂಬ ವಿಚಾರಣೆಯನ್ನು ಬಿಟ್ಟು, ಕೈಯಲ್ಲಿ ಹಿಡಿದು ಬಳಸಿದನೇ ಎಂಬುದಕ್ಕೆ ಬಂದರು. ನಮ್ಮ ಪರ್ಯುದಾಸಕ್ಕೂ ಅದೇ ದಾರಿ: ಮ್ಯಾಪು ಬೇಕೆಂದರೆ ಹ್ಯಾಂಡಲ್ ಮೇಲೋ ಡ್ಯಾಶ್‌ಬೋರ್ಡ್ ಮೇಲೋ ಸ್ಟ್ಯಾಂಡಿಗೆ ಸಿಕ್ಕಿಸಿರಬೇಕು. ಅಂಗೈಯಲ್ಲಿದ್ದರೆ ಮ್ಯಾಪೂ ಮೆಸೇಜೇ.

ನಾಲ್ಕನೆಯದು: ದಂಡ ಏರಿಸಿದರೆ ಎಲ್ಲ ಸರಿಹೋಗುತ್ತದಲ್ಲ? 2019ರ ಏರಿದ ದಂಡವನ್ನು ತೆಲಂಗಾಣ ಜಾರಿಗೆ ತರುವುದಿಲ್ಲವೆಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ವಿಧಾನಸಭೆಯಲ್ಲೇ ಹೇಳಿದರು. ಅದನ್ನು ದೂರುವವರಿದ್ದಾರೆ. ನನ್ನ ತಕರಾರು ಬೇರೆ. 2022ರ ಮಾರ್ಚಿನಲ್ಲಿ ಬಾಕಿ ಚಲನ್‌ಗಳಿಗೆ ರಿಯಾಯಿತಿ ಬಂತು, ದ್ವಿಚಕ್ರದವರಿಗೆ ನೂರಕ್ಕೆ 75; 2023ರ ಡಿಸೆಂಬರಿನಲ್ಲಿ ಮತ್ತೆ ಬಂತು, ನೂರಕ್ಕೆ 80. ಆಷಾಢದ ಸೀರೆ ಅಂಗಡಿಯಂತೆ ದಂಡಕ್ಕೂ ಸೇಲ್ ಇದೆ ಎಂದಾದ ಮೇಲೆ ಸಾವಿರವಾದರೇನು, ಐದು ಸಾವಿರವಾದರೇನು, ಜನ ಮುಂದಿನ ಸೇಲಿಗೆ ಕಾಯುತ್ತಾರೆ. ಸಿಕ್ಕಿಬೀಳುವುದು ಖಚಿತವಾದರೆ ಸಣ್ಣ ದಂಡವೂ ಸಾಕು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 2019ರ ಡಿಸೆಂಬರಿನಿಂದ ಫೋನ್ ಹಿಡಿದ ಕೈಯನ್ನೇ ಹುಡುಕುವ ಕ್ಯಾಮೆರಾ ಇಟ್ಟಿದೆ. ಯಂತ್ರ ಆರಿಸಿದ ಚಿತ್ರವನ್ನು ಮನುಷ್ಯರು ನೋಡಿ ಖಾತ್ರಿ ಮಾಡುತ್ತಾರೆ.

ಹಾಗಾದರೆ ತಂತ್ರಜ್ಞಾನವೇ ಫೋನಿನ ಬಾಯಿ ಕಟ್ಟಲಿ ಎನ್ನುವವರು ಐದನೆಯವರು. ಪ್ರಯತ್ನಗಳು ಆಗಿವೆ. 2016ರಲ್ಲಿ ಸ್ಯಾಮ್‌ಸಂಗ್ ಭಾರತಕ್ಕೆಂದೇ 'ಎಸ್ ಬೈಕ್ ಮೋಡ್' ತಂದಿತು. ಕರೆ ಮಾಡಿದವರಿಗೆ 'ಇವರು ಗಾಡಿ ಮೇಲಿದ್ದಾರೆ' ಎಂದು ಅದೇ ಹೇಳುತ್ತಿತ್ತು. ಮರುವರ್ಷ ಐಫೋನಿಗೂ ಚಾಲನೆಯ ವೇಳೆ ಸುಮ್ಮನಿರುವ ಏರ್ಪಾಡು ಬಂತು. ಎರಡೂ ಬಳಸುವವನ ಇಚ್ಛೆಗೆ ಬಿಟ್ಟದ್ದು. ಕಡ್ಡಾಯ ಮಾಡೋಣವೆಂದರೆ, ಮೆಟ್ರೊದಲ್ಲಿ ಕುಳಿತವನೂ ಓಡುತ್ತಿರುತ್ತಾನೆ, ಆಟೊದ ಹಿಂದಿನ ಸೀಟಿನವಳೂ ಓಡುತ್ತಿರುತ್ತಾಳೆ. ಚಾಲಕ ಯಾರೆಂದು ಫೋನಿಗೆ ತಿಳಿಯದು.

ಈ ಆಕ್ಷೇಪ ಎಲ್ಲರ ವಿಷಯದಲ್ಲೂ ನಿಲ್ಲುತ್ತದೆ, ಒಬ್ಬನ ವಿಷಯದಲ್ಲಿ ಬಿಟ್ಟು. ಗಚ್ಚಿಬೌಲಿಯಲ್ಲಿ ಬಿರಿಯಾನಿ ಹೊತ್ತು ಓಡುವ ಡೆಲಿವರಿ ಹುಡುಗ, ಬೈಕ್ ಟ್ಯಾಕ್ಸಿಯವನು, ಕ್ಯಾಬಿನವನು: ಇವರು ಚಾಲಕರೆಂದು ಆ್ಯಪಿಗೆ ಚೆನ್ನಾಗಿ ಗೊತ್ತು. ಎಲ್ಲಿದ್ದಾನೆ, ಎಷ್ಟು ವೇಗ, ಅದೂ ಗೊತ್ತು. ಗೊತ್ತಿದ್ದೂ ಓಡುವ ಗಾಡಿಯ ಮೇಲೆ ಮುಂದಿನ ಆರ್ಡರನ್ನು ಮಿನುಗಿಸಿ, ಒತ್ತಲು ಕೆಲವೇ ಸೆಕೆಂಡು ಕೊಡುತ್ತದೆ. ಒತ್ತದಿದ್ದರೆ ಅವನ ಸಂಪಾದನೆ ಹೋಯಿತು, ಒತ್ತಿದರೆ ಚಲನ್ ಬಂತು. 2013ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ಮೇಲ್ಮನವಿ ಕೋರ್ಟು ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಓದುವವನು ವಾಹನ ನಡೆಸುತ್ತಿದ್ದಾನೆ, ಆಗಲೇ ಓದುತ್ತಾನೆ ಎಂದು ತಿಳಿದೂ ಮೆಸೇಜು ಕಳಿಸಿದವನು ಹೊಣೆಯಾಗಬಹುದು. ಸಿದ್ಧಾಂತಕ್ಕೆ ನನಗೆ ಇಷ್ಟು ಸಾಕು. ಗಾಡಿ ನಿಲ್ಲುವವರೆಗೆ ಆರ್ಡರು ಕಾಯಬೇಕು, ಕಾಯಿಸದ ಕಂಪನಿಗೆ ಚಲನ್ ಹೋಗಬೇಕು.

ಹೊಟ್ಟೆಪಾಡಿಗೆ ಕಲ್ಲು ಹಾಕಬೇಡಿ ಎಂಬ ಕೊನೆಯ ಮಾತಿಗೆ ಆರ್‌ಟಿಸಿಯಲ್ಲಿ ಉತ್ತರವಿದೆ. 2025ರ ಸೆಪ್ಟೆಂಬರಿನಿಂದ ತೆಲಂಗಾಣದ 11 ಡಿಪೋಗಳಲ್ಲಿ, ನಗರದ ಫಾರೂಕ್‌ನಗರ, ಕೂಕಟ್‌ಪಲ್ಲಿ ಸೇರಿ, ಬಸ್ ಚಾಲಕರು ಫೋನನ್ನು ಆಫ್ ಮಾಡಿ ಡಿಪೋದಲ್ಲಿ ಒಪ್ಪಿಸಿ ಡ್ಯೂಟಿಗೆ ಹೋಗುವ ಪ್ರಯೋಗ ಶುರುವಾಯಿತು. ಜೊತೆಗೆ, ಮನೆಯಲ್ಲಿ ತುರ್ತು ಬಂದರೆ ಚಾಲಕನಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನೂ ಇಟ್ಟರು. ಕರೆಯನ್ನು ಇನ್ನೊಬ್ಬರು ಎತ್ತಿಕೊಂಡದ್ದರಿಂದಲೇ ಅಲ್ಲಿ ನಿಷೇಧಕ್ಕೆ ಅರ್ಥ ಬಂತು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ನಮ್ಮ ಹುಬ್ಬಳ್ಳಿಯ ವಿ.ಸಿ. ಸಜ್ಜನರ್. ತಿಂಗಳೊಳಗೆ ನಗರದ ಪೊಲೀಸ್ ಕಮಿಷನರ್ ಆಗಿ, ವಿಡಿಯೊ ನೋಡುತ್ತ ಆಟೊ, ಕ್ಯಾಬ್ ಓಡಿಸುವವರಿಗೆ ಎಚ್ಚರಿಕೆ ಕೊಟ್ಟರು. ಡಿಪೋದಲ್ಲಿ ಫೋನ್ ಇಟ್ಟುಕೊಳ್ಳಲು ಅವರಿಗೊಂದು ಕಪಾಟಿತ್ತು. ಆಟೊದವನ ಫೋನ್ ಇಟ್ಟುಕೊಳ್ಳುವವರಿಲ್ಲ.

ಒಂದು ಪ್ರಕರಣ ನನಗೂ ಬಿಡಿಸಲು ಬರುತ್ತಿಲ್ಲ. ನಾರಾಯಣಗುಡದ ಸಿಗ್ನಲ್ಲಿನಲ್ಲಿ ಒಬ್ಬ ಹೆಲ್ಮೆಟ್ಟಿನ ಸಂದಿಗೆ ಫೋನ್ ತುರುಕಿ, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ಕಣ್ಣು ರಸ್ತೆಯಲ್ಲಿ ನೆಟ್ಟು, ಹೆಂಡತಿಯೊಡನೆ ಜಗಳವಾಡುತ್ತಿರುತ್ತಾನೆ. 184ನೇ ಕಲಮಿನ 'ಕೈಯ ಸಾಧನ' ಅವನನ್ನು ಹಿಡಿಯುವುದಿಲ್ಲ. ಲೈಸೆನ್ಸ್ ಅಮಾನತಿನ ನಿಯಮ ಹಿಡಿದೀತೋ ಏನೋ. ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆದರೂ ಅವನಿಗಿನ್ನೂ ಕೇಳಿಲ್ಲ.