ಕಿವಿಯ ಋಣ

ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳದ ಕೆರೆಯನ್ನು ದಾಟಿ ಬಳ್ಳಾರಿ ರಸ್ತೆಯನ್ನು ಹಿಡಿದು ಯಲಹಂಕದ ಕಡೆಗೆ ಹೋಗುವವರಿಗೆ, ಉಪ್ಪರಿಗೆ ಮನೆಗಳ ಸಾಲು ಒಂದೆಡೆ ಕಡಿದು, ಮರಗಳ ನೆರಳೂ ಉತ್ತ ಹೊಲದ ಕೆಮ್ಮಣ್ಣೂ ಕಣ್ಣಿಗೆ ಬೀಳುತ್ತವೆ. ಅದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ. ಹೆಬ್ಬಾಳದಲ್ಲಿ ಕೃಷಿ ಕಾಲೇಜು ಆರಂಭವಾದುದು 1946ರಲ್ಲಿ. ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1964ರಲ್ಲಿ. ಊರು ಎಷ್ಟು ಬೆಳೆದರೂ ಆ ದಿಕ್ಕಿಗೆ ಮಣ್ಣಿನ ನಂಟು ಪೂರ್ತಿ ಹರಿದಿಲ್ಲ. ಹೂವಿನ ಗಿಡ, ಹಣ್ಣಿನ ಸಸಿಗಳನ್ನು ಬೆಳೆಸಿ ಮಾರುವ ನರ್ಸರಿಗಳು ರಸ್ತೆಯ ಮಗ್ಗುಲಲ್ಲಿ ಅಲ್ಲಲ್ಲಿ ಉಂಟು. ಅಂಥದೊಂದರಲ್ಲಿ ದುಡಿಯುವ ತರುಣನೊಬ್ಬನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು.

ಅವನ ಮನೆ ಆರ್. ಟಿ. ನಗರದ ಓಣಿಯೊಂದರಲ್ಲಿ. ಆ ಬಡಾವಣೆಯ ಹೆಸರಿನ ಎರಡು ಅಕ್ಷರಗಳಲ್ಲಿ ರವೀಂದ್ರನಾಥ ಟಾಗೋರರು ಅಡಗಿದ್ದಾರೆಂಬುದು ಅಲ್ಲಿಯವರಿಗೇ ಎಷ್ಟೋ ವೇಳೆ ನೆನಪಿರುವುದಿಲ್ಲ. ಎರಡು ಸಾವಿರಕ್ಕೂ ಮಿಕ್ಕಿ ಹಾಡುಗಳನ್ನು ಕಟ್ಟಿದ ಕವಿಯ ಹೆಸರಿನ ನಗರದಲ್ಲಿ ಹಾಡಿನ ಹುಚ್ಚಿನವನೊಬ್ಬನಿರುವುದು ಯುಕ್ತವೇ ಸರಿ. ಈತನಿಗೆ ಶುಕ್ರವಾರವೆಂದರೆ ಹಬ್ಬ. 2015ರ ಜುಲೈ ತಿಂಗಳಿಂದ ಧ್ವನಿಮುದ್ರಣದ ಉದ್ಯಮಿಗಳು ಅನೇಕ ದೇಶಗಳಲ್ಲಿ ಹೊಸ ಆಲ್ಬಂಗಳನ್ನು ಹೊರತರುವುದಕ್ಕೆ ಆ ವಾರವನ್ನೇ ಗೊತ್ತುಮಾಡಿಕೊಂಡಿದ್ದಾರೆ. ಬೆಳಗಿನ ಬಸ್ಸಿನಲ್ಲಿ ಕುಳಿತಾಗಲೇ ಹೊಸದು ಕಿವಿಯಲ್ಲಿ ಮೊಳಗುತ್ತಿರುತ್ತದೆ. ಪಾತಿಯ ಬಳಿಗೆ ಬಂದು ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುವಾಗಲೂ ಅದೇ. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಒಂದು ಆಲ್ಬಂ ಮುಗಿದು ಎರಡನೆಯದು ಅರ್ಧಕ್ಕೆ ಬಂದಿರುತ್ತದೆ. ಅದೇ ಪಾತಿಯ ಎದುರಂಚಿನಲ್ಲಿ ಕಳೆ ಕೀಳುವ ಮುದುಕಿಯೊಬ್ಬಳಿದ್ದಾಳೆ. ಆಕೆ ಮೊದಲು ಕೆಲಸದೊಡನೆ ಪದ ಹೇಳುತ್ತಿದ್ದಳು. ತರುಣನು ಬಂದ ಹೊಸದರಲ್ಲಿ ಒಂದೆರಡು ದಿನ ಹೇಳಿದಳು. ಅವನ ಕಿವಿಗಳು ಮುಚ್ಚಿರುವುದನ್ನು ಕಂಡು, ಒಬ್ಬಳೇ ಹೇಳಿಕೊಳ್ಳುವುದಕ್ಕೆ ನಾಚಿ, ಸುಮ್ಮನಾದಳು.

ಇದರಲ್ಲಿ ಯಾರ ತಪ್ಪು? ತಪ್ಪೆಂಬುದೊಂದು ಉಂಟೆ? ಕೈ ಒಂದು ಕಡೆ ದುಡಿಯುತ್ತಿರುವಾಗ ಕಿವಿಯನ್ನು ಬೇರೊಂದು ಕಡೆಗೆ ಒಪ್ಪಿಸುವುದು ಧರ್ಮಕ್ಕೆ ಒಪ್ಪಿತವೆ? ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ದಿನದ ಎಂಟು ಗಂಟೆಯ ಕಾಲ ಮನುಷ್ಯನು ತನ್ನ ಮನಸ್ಸನ್ನು ಎಲ್ಲಿರಿಸುತ್ತಾನೆಂಬ ಪ್ರಶ್ನೆ ಅವನ ಬಾಳಿನ ಮೂರನೆಯ ಒಂದು ಪಾಲಿನ ಪ್ರಶ್ನೆಯಲ್ಲವೆ?

ಮೊದಲು ತರುಣನ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಅವನು ಕೂಲಿಗೆ ಮೋಸಮಾಡುವವನಲ್ಲ. ಅವನ ಪಾತಿಯಲ್ಲಿ ಕಳೆ ಉಳಿಯುವುದಿಲ್ಲ. ಬಿಸಿಲಿನ ಬೇಗೆಯನ್ನೂ ಸೊಂಟದ ನೋವನ್ನೂ ಹಾಡು ಹಗುರಮಾಡುತ್ತದೆ. ದುಡಿಮೆಗೂ ಹಾಡಿಗೂ ಇರುವ ನಂಟಾದರೋ ಇಂದು ನಿನ್ನೆಯದಲ್ಲ. ಬೀಸುವ ಕಲ್ಲಿನ ಮುಂದೆ, ಕುಟ್ಟುವ ಒರಳಿನ ಮುಂದೆ, ನಾಟಿಯ ಗದ್ದೆಯಲ್ಲಿ ಕನ್ನಡದ ಹೆಂಗಸರು ಹಾಡಿದ್ದಾರೆ. ಕಪಿಲೆ ಹೊಡೆಯುವವನು ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸುತ್ತ ಹಾಡಿದ್ದಾನೆ. 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವು ಅಚ್ಚಾಗಿ ಬಂದಾಗ, ಬೀಸುವ ಕಲ್ಲಿನ ಸದ್ದಿನಲ್ಲಿ ಇಷ್ಟು ಕವಿತೆ ಅಡಗಿತ್ತೆ ಎಂದು ವಿದ್ಯಾವಂತರು ಬೆರಗಾದರು. ಹಾಗಿದ್ದಮೇಲೆ ಈ ತರುಣನು ಹಳೆಯ ದಾರಿಯಲ್ಲಿಯೇ ಹೊಸ ಜೋಡು ಮೆಟ್ಟಿ ನಡೆಯುತ್ತಿದ್ದಾನೆ, ಅಷ್ಟೆ ಎನ್ನಬಹುದು.

ಇನ್ನೊಂದು ಮಾತನ್ನೂ ಅವನ ಪರವಾಗಿ ಹೇಳಬೇಕು. ಅದು ಮೊದಲಿನದಕ್ಕಿಂತ ಬಲವಾದುದು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನರ ಕಂಠವನ್ನು ತಟ್ಟೆಯ ಮೇಲೆ ಮುದ್ರಿಸಿದರು. ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಆ ಧ್ವನಿ ಇಂದಿಗೂ ಉಳಿದಿದೆ. ಕೊನೆಗಾಲದಲ್ಲಿ ಅವರು ಮೈಸೂರಿನ ಆಸ್ಥಾನದ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆ ಕಾಲದಲ್ಲಿ ಅಂಥವರ ಗಾನವನ್ನು ಎದುರಿಗೆ ಕುಳಿತು ಕೇಳುವ ಭಾಗ್ಯ ಎಷ್ಟು ಜನಕ್ಕೆ ಇದ್ದಿತು? ಅರಮನೆಯ ಬಾಗಿಲು, ಸಿರಿವಂತರ ಮದುವೆಯ ಚಪ್ಪರ, ಜಾತಿಯ ಗೆರೆ ಎಲ್ಲವೂ ಕಳೆ ಕೀಳುವವನನ್ನು ಹೊರಗೇ ನಿಲ್ಲಿಸಿದ್ದುವು. ಅದೇ ಕಂಠವನ್ನು ಇಂದು ಯಲಹಂಕದ ಕೂಲಿಯವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಬಲ್ಲನು. ಧರ್ಮವನ್ನು ಚಿಂತಿಸುವವರು ಯಂತ್ರವನ್ನು ಹಳಿಯುವುದಕ್ಕೆ ಮೊದಲು ಇದನ್ನು ನೆನೆಯತಕ್ಕದ್ದು. ಶಾಸ್ತ್ರವನ್ನೋದಿದವರು ಕೊಡಲಾರದೆ ಹೋದ ಪಾಲನ್ನು ಯಂತ್ರವು ಕೊಟ್ಟಿತು.

ಆದರೂ ವಿಚಾರವು ಅಲ್ಲಿಗೆ ಮುಗಿಯುವುದಿಲ್ಲ. ಗೌತಮನ ನ್ಯಾಯಶಾಸ್ತ್ರದಲ್ಲಿ ಮನಸ್ಸು ಅಣುವೆಂದು ಹೇಳಿದೆ. ಅದು ಒಂದು ಕ್ಷಣದಲ್ಲಿ ಒಂದೇ ಇಂದ್ರಿಯದೊಡನೆ ಕೂಡಬಲ್ಲುದು. ಆದುದರಿಂದ ಎರಡು ಜ್ಞಾನಗಳು ಏಕಕಾಲದಲ್ಲಿ ಹುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ತಿಳಿಯುತ್ತಿದ್ದೇನೆಂಬುದು ಭ್ರಾಂತಿ. ನೂರು ತಾವರೆಯ ಎಸಳುಗಳನ್ನು ಒಂದರ ಮೇಲೊಂದಿರಿಸಿ ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುತ್ತದೆ. ವಸ್ತುತಃ ಸೂಜಿ ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗಿರುತ್ತದೆ. ಹಾಡು ಕೇಳುತ್ತ ಕೆಲಸಮಾಡುವವನ ಮನಸ್ಸೂ ಹೀಗೆಯೇ ಅತ್ತ ಇತ್ತ ಓಡಾಡುತ್ತಿರುತ್ತದೆ. ಕಳೆ ಕೀಳುವುದು ಕೈಗೆ ರೂಢಿಯಾದ ಕೆಲಸ; ಅಲ್ಲಿ ಸಂಸ್ಕಾರವೇ ಕೈಯನ್ನು ನಡೆಸುತ್ತದೆ; ಮನಸ್ಸು ಬಹುಮಟ್ಟಿಗೆ ಬಿಡುವಾಗಿರುತ್ತದೆ. ಕಸಿ ಕಟ್ಟುವ ಕೆಲಸ ಹಾಗಲ್ಲ. ಬೇರುಸಸಿಯ ತೊಗಟೆಯ ಕೆಳಗಣ ಹಸಿಪದರವೂ ಕಸಿಕಡ್ಡಿಯ ಹಸಿಪದರವೂ ಒಂದಕ್ಕೊಂದು ತಾಕುವಂತೆ ಕೂಡಿಸಿ ಬಿಗಿಯಬೇಕು. ಕೂದಲೆಳೆಯಷ್ಟು ಜರುಗಿದರೂ ಕಡ್ಡಿ ಬಾಡುತ್ತದೆ. ಅರೆಬರೆಯಾಗಿ ಕೂಡಿದರೆ, ಕೊಂಡವರ ಅಂಗಳದಲ್ಲಿ ಎಂದೋ ಒಂದು ದಿನ ಗಾಳಿಗೆ ಮುರಿಯುತ್ತದೆ. ಅಂದು ದೂರುವುದಕ್ಕೆ ಕಟ್ಟಿದವನು ಎದುರಿಗಿರುವುದಿಲ್ಲ. ಕಾಣದ ತಪ್ಪಿಗೆ ಶಿಕ್ಷೆಯಿಲ್ಲದ ಕಡೆಯಲ್ಲಿಯೇ ಧರ್ಮದ ಪರೀಕ್ಷೆ. ಕೈಯಲ್ಲಿ ಕಸಿಯ ಚಾಕು ಇರುವಾಗ ಕಿವಿಯಲ್ಲಿ ಹಾಡು ಕೂಡದು.

ಇದು ಕೆಲಸಕ್ಕೆ ಸಲ್ಲಿಸತಕ್ಕ ಋಣ. ಹಾಡಿಗೆ ಸಲ್ಲಿಸತಕ್ಕ ಋಣವೊಂದು ಬೇರೆ ಉಂಟು. ಹಳೆಯ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದುವು. ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ. ದೊಡ್ಡ ಕೃತಿಯೊಂದಕ್ಕೆ ಹಲವು ತಟ್ಟೆಗಳು ಬೇಕಾಗಿ, ಅವನ್ನು ಭಾವಚಿತ್ರಗಳ ಪುಸ್ತಕದಂತೆ ಹೊಲಿದ ಕಾಗದದ ಚೀಲಗಳಲ್ಲಿ ಇರಿಸುತ್ತಿದ್ದರು. ಆಲ್ಬಂ ಎಂಬ ಹೆಸರು ಬಂದುದು ಅದರಿಂದಲೇ. ಪೆಟ್ಟಿಗೆಗೆ ಕೀಲಿ ಕೊಡಬೇಕು, ಮುಳ್ಳನ್ನು ಬದಲಾಯಿಸಬೇಕು, ತಟ್ಟೆಯನ್ನು ಮಗುಚಬೇಕು. 1948ರಲ್ಲಿ ಮುಖವೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನಡೆಯುವ ದೀರ್ಘ ತಟ್ಟೆ ಬಂದಿತು, ಆಮೇಲೆ ಧ್ವನಿಸುರುಳಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಗಳು ರಾಗ ಹಾಕಿದ ‘ನಿತ್ಯೋತ್ಸವ’ವು ಸುರುಳಿಯ ರೂಪದಲ್ಲಿ ಕನ್ನಡದ ಮನೆಗಳನ್ನು ಹೊಕ್ಕಿತು. ಒಂದೇ ಸುರುಳಿಯನ್ನು ಹಿಂದಿರುಗಿಸಿ ಹಿಂದಿರುಗಿಸಿ ಹಾಕಿದ ಮನೆಗಳಲ್ಲಿ ಮಕ್ಕಳಿಗೆ ಹಾಡು ಬಾಯಿಪಾಠವಾಯಿತು, ಕವಿತೆಯೂ ಬಾಯಿಪಾಠವಾಯಿತು. ಇದು ಅವರ ಹಿರಿಮೆಯಲ್ಲ. ಬೇರೆ ಸುರುಳಿ ಕೊಳ್ಳುವುದಕ್ಕೆ ಹಣವಿಲ್ಲದುದರ ಫಲ. ಆದರೆ ಬಡತನವು ಮಾಡಿಸಿದ ಒಳ್ಳೆಯ ಕೆಲಸವನ್ನು ಸಮೃದ್ಧಿಯಲ್ಲಿ ಮನುಷ್ಯನು ತಾನೇ ಇಚ್ಛಿಸಿ ಮಾಡಬೇಕಾಗುತ್ತದೆ.

ಉಪನಿಷತ್ತು ಆತ್ಮವಿಚಾರದಲ್ಲಿ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಕಲೆಯ ವಿಚಾರದಲ್ಲಿಯೂ ಇದನ್ನು ಅನ್ವಯಿಸಿದರೆ ತಪ್ಪಾಗಲಾರದು. ಸಹೃದಯನ ಮನಸ್ಸೆಂಬ ಕನ್ನಡಿ ಅಭ್ಯಾಸದಿಂದ ಮತ್ತೆ ಮತ್ತೆ ಉಜ್ಜಲ್ಪಟ್ಟು ತಿಳಿಯಾದುದೆಂದು ಅಭಿನವಗುಪ್ತನ ಅಭಿಪ್ರಾಯ. ವಾರಕ್ಕೆ ಹತ್ತು ಆಲ್ಬಂ ಕೇಳುವವನಿಗೆ ಶ್ರವಣವುಂಟು, ಮನನವಿಲ್ಲ. ಒಂದು ಉಜ್ಜುವ ಮೊದಲೇ ಇನ್ನೊಂದು ಬಂದು ಕೂರುತ್ತದೆ. ಆಶ್ಚರ್ಯವೇನೆಂದರೆ, ಮನನಕ್ಕೆ ಹೊಲದ ಕೆಲಸಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಕೈ ತನ್ನ ಪಾಡಿಗೆ ತಾನು ಕಳೆ ಕೀಳುತ್ತಿರುವಾಗ, ಬೆಳಗ್ಗೆ ಕೇಳಿದ ಒಂದು ಸಂಗತಿ ತಾನಾಗಿ ಮೇಲೆದ್ದು ಬರುತ್ತದೆ. ಮರೆತ ಜಾಗವನ್ನು ಗಂಟಲು ಹುಡುಕುತ್ತದೆ. ಹುಡುಕಿ ಸಿಕ್ಕಿದಾಗ ಹಾಡು ತನ್ನದಾಗುತ್ತದೆ. ಆ ಬಿಡುವನ್ನೆಲ್ಲ ಹೊಸ ಶ್ರವಣದಿಂದಲೇ ತುಂಬುವವನು ತನಗೆ ಪುಕ್ಕಟೆಯಾಗಿ ದೊರೆತ ಪಾಠಶಾಲೆಯನ್ನು ಮುಚ್ಚಿಕೊಂಡಂತೆ.

ಇನ್ನು ಉಳಿದುದು ಮುದುಕಿಯ ಮಾತು. ಬೀಸುವ ಹಾಡಿನ ದೃಷ್ಟಾಂತವು ತರುಣನಿಗೆ ಪೂರ್ತಿ ಸಲ್ಲುವುದಿಲ್ಲವೆಂಬುದು ಇಲ್ಲಿ ಗೊತ್ತಾಗುತ್ತದೆ. ಬೀಸುವವಳ ಹಾಡಿಗೆ ಅವಳ ತೋಳೇ ತಾಳ. ಕಲ್ಲು ಭಾರವಾದರೆ ಹಾಡು ನಿಧಾನ, ಹಗುರವಾದರೆ ಬಿರುಸು. ಎದುರು ಕುಳಿತವಳು ಸೊಲ್ಲನ್ನು ಎತ್ತಿಕೊಳ್ಳುತ್ತಾಳೆ. ಕಿವಿಯೊಳಗಿನ ಹಾಡು ತನ್ನ ತಾಳವನ್ನು ತಾನೇ ತಂದಿರುತ್ತದೆ. ಅದು ಕೈಯ ಮಾತನ್ನು ಕೇಳುವುದಿಲ್ಲ, ಎದುರಿನವರಿಗೆ ಸೊಲ್ಲನ್ನೂ ಬಿಡುವುದಿಲ್ಲ. ಹಳೆಯ ಹಾಡು ಇಬ್ಬರನ್ನು ಕೂಡಿಸುತ್ತಿದ್ದಿತು. ಇದು ಒಬ್ಬನನ್ನು ಸಂತೋಷಪಡಿಸಿ ಇಬ್ಬರನ್ನು ಅಗಲಿಸುತ್ತದೆ.

ಮುದ್ರಿತವಾದ ಹಾಡಿಗೆ ಅವಸರವಿಲ್ಲ. ಗೌಹರ್ ಜಾನರು ನೂರು ವರ್ಷಕ್ಕೂ ಮೀರಿ ಕಾದಿದ್ದಾರೆ; ಇನ್ನೊಂದು ಸಂಜೆ ಕಾಯಬಲ್ಲರು. ಹೊಸ ಆಲ್ಬಂ ಶನಿವಾರವೂ ಅಲ್ಲಿಯೇ ಇರುತ್ತದೆ. ಮುದುಕಿಯ ಪದಕ್ಕೆ ತಟ್ಟೆಯಿಲ್ಲ, ಸುರುಳಿಯಿಲ್ಲ. ಆಕೆಯ ಬಾಯಿ ಮತ್ತು ಎದುರಿನವರ ಕಿವಿ, ಇವೆರಡೇ ಅದರ ಮನೆ. ಒಂದು ಗೋಡೆ ಬಿದ್ದರೆ ಮನೆ ನಿಲ್ಲದು. ಅವಳು ಸುಮ್ಮನಾದ ದಿನ ಯಲಹಂಕ ನಾಡಿನ ಒಂದು ಪದ ತೀರಿಹೋಗಿರಬಹುದು. ಅದಕ್ಕೆ ಸಾಕ್ಷಿಯಿಲ್ಲ, ಅಳುವವರಿಲ್ಲ. ಇದನ್ನು ತರುಣನು ಬೇಕೆಂದು ಮಾಡಲಿಲ್ಲ; ಗಾನವನ್ನು ಪ್ರೀತಿಸಿಯೇ ಮಾಡಿದನು. ದೂರದ ಗಾನದ ಮೇಲಣ ಪ್ರೀತಿ ಹತ್ತಿರದ ಗಾನವನ್ನು ನಂದಿಸಿತೆಂಬುದೇ ಇಲ್ಲಿಯ ಸಂಕಟ. ದೇವಋಣ, ಪಿತೃಋಣಗಳಂತೆ ಕಿವಿಗೂ ಒಂದು ಋಣವುಂಟೆಂದು ಹೇಳಬಹುದಾದರೆ, ಅದು ಮೊದಲು ಸಲ್ಲತಕ್ಕದ್ದು ಕೂಗಳತೆಯಲ್ಲಿರುವವರಿಗೆ.

ಆದಕಾರಣ ತರುಣನು ಹಾಡನ್ನು ಬಿಡಬೇಕೆಂದಲ್ಲ. ಹೊಸ ಆಲ್ಬಂ ಬಂದಾಗ ಬೆಳಗಿನ ಜಾವದಲ್ಲಿಯೋ ದೀಪ ಹಚ್ಚಿದಮೇಲೋ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಒಂದಾವರ್ತಿ ಪೂರ್ತಿ ಕೇಳಲಿ. ಹಗಲಿಗೆ ಅದನ್ನು ಗಂಟಲಲ್ಲಿ ಕೊಂಡೊಯ್ಯಲಿ. ಒಬ್ಬನೇ ನೀರು ಹಾಯಿಸುವಾಗಲೋ ಮಣ್ಣು ಹೊರುವಾಗಲೋ ಕಿವಿಗೆ ಜೊತೆ ಬೇಕೆನಿಸಿದರೆ ಅದೂ ದೋಷವಲ್ಲ. ಚಾಕು ಹಿಡಿದಾಗ ಬೇಡ. ಎದುರಿಗೆ ಇನ್ನೊಂದು ಜೀವವಿರುವಾಗ, ಆ ಜೀವಕ್ಕೆ ಮಾತಿಗೂ ಪದಕ್ಕೂ ಎಡೆಗೊಡದೆ ಕಿವಿ ಮುಚ್ಚುವುದು ಬೇಡ.

ಅವನು ಒಂದು ದಿನ ಇಯರ್‌ಫೋನನ್ನು ತೆಗೆದು ಜೇಬಿಗೆ ಹಾಕಿದನೆಂದು ಇಟ್ಟುಕೊಂಡರೆ, ಮುದುಕಿ ಮೊದಲು ಕೇಳುವುದು ಬಹುಶಃ ಇಷ್ಟೆ: “ಯಾಕಪ್ಪಾ, ನಿನ್ನ ಹಾಡು ಕೆಟ್ಟೋಯ್ತಾ?” ಅವನು ನಕ್ಕು, ಒಂದು ತುದಿಯನ್ನು ಅವಳ ಕಿವಿಗಿಟ್ಟು ತನ್ನ ಹೊಸ ಹಾಡನ್ನು ಕೇಳಿಸಬಹುದು. ಅವಳು ಕಳೆಗುದ್ದಲಿಯನ್ನು ನಿಲ್ಲಿಸಿ ತುಸು ಹೊತ್ತು ಕೇಳಿ, “ಚೆನ್ನಾಗೈತೆ ಕಣಪ್ಪಾ, ಆದ್ರೆ ಕೈಗೆ ಕೂಡಲ್ಲ” ಎಂದು ಹಿಂದಕ್ಕೆ ಕೊಡಬಹುದು. “ಹಂಗಾದ್ರೆ ಕೈಗೆ ಕೂಡೋದು ಒಂದು ಹೇಳಜ್ಜಿ” ಎಂದು ಅವನು ಕೇಳಿದರೆ ಆಕೆಗೆ ಮೊದಲ ಸೊಲ್ಲು ನೆನಪಾಗಿ ಎರಡನೆಯದು ಮರೆತುಹೋಗಿರಲೂಬಹುದು. ಆಗ ಆ ಪಾತಿ ಮುಗಿಯುವವರೆಗೆ ಇಬ್ಬರೂ ಅದನ್ನು ಹುಡುಕುತ್ತ ಕಳೆ ಕೀಳುವರು.